ಊರನ್ನು ಬರೆದವರು, ಊರನ್ನು ಹೇಳಿದವರು



ಈ ವರ್ಷದ ದತ್ತಿ ಉಪನ್ಯಾಸಕ್ಕೆ ನಾನು ಆರಿಸಿಕೊಂಡ ವಿಷಯ ನಮ್ಮ ಗ್ಯಾಸೆಟಿಯರುಗಳು. ಜಿಲ್ಲೆಗೊಂದು ದಪ್ಪ ಸಂಪುಟ. ಅದರಲ್ಲಿ ಮಣ್ಣು, ಮಳೆ, ಬೆಳೆ, ಜಾತಿ, ಸಂತೆ, ಜಾತ್ರೆ, ಶಾಸನ, ಕೊನೆಗೆ ಅಕಾರಾದಿಯಾಗಿ ಊರುಗಳು. ಗ್ರಂಥಾಲಯಗಳಲ್ಲಿ ಇವು ಪರಾಮರ್ಶನ ವಿಭಾಗದ ಬೀರುವಿನಲ್ಲಿರುತ್ತವೆ. ಪರೀಕ್ಷೆಗೆ ಓದುವವರು, ಪ್ರಬಂಧದ ಮೊದಲ ಅಧ್ಯಾಯಕ್ಕೆ ಜಿಲ್ಲೆಯ ಹಿನ್ನೆಲೆ ಬೇಕಾದವರು ತೆಗೆದು, ಬೇಕಾದ ಅಂಕಿ ಬರೆದುಕೊಂಡು, ಮತ್ತೆ ಒಳಗಿಡುತ್ತಾರೆ. ಇವನ್ನು ಸಾಲಾಗಿ ಜೋಡಿಸಿಟ್ಟುಕೊಂಡು, ಒಂದು ನಾಡಿನ ಕಥೆ ಓದಿದಂತೆ ಓದಬೇಕು ಎಂದು ಕೇಳಿಕೊಳ್ಳಲು ಬಂದಿದ್ದೇನೆ. ಹಾಗೆ ಓದುವಾಗ ಪುಟಪುಟಕ್ಕೂ ಒಂದು ಪ್ರಶ್ನೆ ಕೇಳಬೇಕು: ಬರೆದವರ ಹೆಸರು ಮುಖಪುಟದಲ್ಲಿದೆ ಸರಿ, ಅವರಿಗೆ ಇದನ್ನೆಲ್ಲ ಹೇಳಿದವರು ಯಾರು?

ಕಥೆ ಶುರುವಾಗುವುದು ಇಲ್ಲಿಂದ: 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಕೈಗೆ ಬಂದ ಸೀಮೆಯಲ್ಲಿ ಏನಿದೆ, ಏನು ಹುಟ್ಟುತ್ತದೆ, ಅದರಿಂದ ಎಷ್ಟು ಗಿಟ್ಟುತ್ತದೆ ಎಂದು ತಿಳಿಯುವ ಅವಸರ ಈಸ್ಟ್ ಇಂಡಿಯಾ ಕಂಪನಿಗಿತ್ತು. ಬೇಗನೆ ಇಬ್ಬರು ಕೆಲಸಕ್ಕೆ ಇಳಿದರು. ಮೈಸೂರು ಸೀಮೆಯ ಸರ್ವೆಗೆ ನೇಮಕವಾದವನು ಕಾಲಿನ್ ಮೆಕೆಂಜಿ. ಬೇಸಾಯ, ಕಸುಬು, ವ್ಯಾಪಾರ ನೋಡಿಕೊಂಡು ಬಾ ಎಂದು ಗವರ್ನರ್ ಜನರಲ್ ವೆಲ್ಲೆಸ್ಲಿ ಕಳಿಸಿದವನು ಫ್ರಾನ್ಸಿಸ್ ಬುಕಾನನ್. ಇಬ್ಬರದೂ ಗ್ಯಾಸೆಟಿಯರ್ ಅಲ್ಲ. ಆದರೆ ಮುಂದೆ ಬಂದ ಎಲ್ಲ ಗ್ಯಾಸೆಟಿಯರುಗಳ ಬೇರು ಇವರಲ್ಲಿದೆ.

ಮೆಕೆಂಜಿಗೆ ನಮ್ಮ ಭಾಷೆಗಳು ಬರುತ್ತಿರಲಿಲ್ಲ. ಅವನ ಕಣ್ಣು ಕಿವಿಗಳಾಗಿ ದುಡಿದವರು ಕಾವಲಿ ವೆಂಕಟ ಬೊರಯ್ಯ, ಅವನ ತಮ್ಮ ಲಕ್ಷ್ಮಯ್ಯ, ಹಳಗನ್ನಡ ಶಾಸನಗಳನ್ನು ಓದಿಕೊಟ್ಟ ಮಲೆಯೂರಿನ ಜೈನ ಪಂಡಿತ ಧರ್ಮಯ್ಯ, ಇನ್ನೂ ಹಲವರು. ಅವರು ಊರೂರು ತಿರುಗಿ ಶ್ಯಾನುಭೋಗರು, ಗೌಡರು, ಅರ್ಚಕರು, ಮಠದವರಿಂದ ಆಯಾ ಊರಿನ ವೃತ್ತಾಂತ ಬರೆಸಿ ತಂದರು. ಅವೇ ಕೈಫಿಯತ್ತುಗಳು. ಈ ಕೋಟೆ ಕಟ್ಟಿಸಿದ ಪಾಳೆಯಗಾರ ಯಾರು, ಕೆರೆಗೆ ಕಟ್ಟೆ ಹಾಕಿದವರು ಯಾರು, ಯಾವ ದೇವರಿಗೆ ಯಾವ ಮಾನ್ಯ, ಯಾರ ದಂಡು ಬಂದು ಊರು ಹಾಳಾಯಿತು, ಇವೆಲ್ಲ ಅಲ್ಲಿವೆ, ಕನ್ನಡದಲ್ಲಿ, ಊರಿನವರದೇ ಧಾಟಿಯಲ್ಲಿ. ಎಂ. ಎಂ. ಕಲಬುರ್ಗಿಯವರು ಸಂಪಾದಿಸಿದ ‘ಕರ್ನಾಟಕದ ಕೈಫಿಯತ್ತುಗಳು’ 1994ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಬಂತು. ಇತಿಹಾಸದ ವಿದ್ಯಾರ್ಥಿಗಳು ಅದನ್ನು ಓದಲೇಬೇಕು, ಕನ್ನಡ ಗದ್ಯದ ವಿದ್ಯಾರ್ಥಿಗಳು ಅವರಿಗಿಂತ ಮೊದಲು ಓದಬೇಕು.

ಕೈಫಿಯತ್ತು ಹೇಳಿದವರಿಗೆ ತಮ್ಮದೇ ಲೆಕ್ಕಾಚಾರ ಇತ್ತು, ನಿಜ. ಹೊಸ ಸರ್ಕಾರ ಬಂದಿದೆ, ನಮ್ಮ ಇನಾಮು ಉಳಿಯಬೇಕು, ನಮ್ಮ ಮನೆತನದ ಹಿರಿಮೆ ದಾಖಲಾಗಬೇಕು ಎಂಬ ಕಾಳಜಿ ಸಾಲುಸಾಲಿನಲ್ಲೂ ಕಾಣುತ್ತದೆ. ಅದಕ್ಕಾಗಿಯೇ ಕೆಲವು ವಿದ್ವಾಂಸರು ಇವನ್ನು ನಂಬಲರ್ಹವಲ್ಲ ಎಂದು ಬದಿಗಿಟ್ಟರು. ನನಗೆ ಇದು ಒಪ್ಪಿಗೆಯಿಲ್ಲ. ಹೇಳಿದವನು ಯಾರು ಎಂದು ಗೊತ್ತಿದ್ದರೆ ಅವನ ಸ್ವಾರ್ಥವೂ ಗೊತ್ತಾಗುತ್ತದೆ, ಅದನ್ನು ಕಳೆದು ಓದಬಹುದು. ಹೇಳಿದವನನ್ನೇ ಮರೆಮಾಚಿ ಸರ್ಕಾರಿ ಗದ್ಯದಲ್ಲಿ ಬರೆದಾಗ ಅದೇ ಸ್ವಾರ್ಥ ಸತ್ಯದ ವೇಷ ಹಾಕಿಕೊಂಡು ಬರುತ್ತದೆ. ಮುಂದೆ ಆದದ್ದು ಅದೇ.

ಬುಕಾನನ್ ವೃತ್ತಿಯಿಂದ ವೈದ್ಯ, ಒಲವಿನಿಂದ ಸಸ್ಯಶಾಸ್ತ್ರಜ್ಞ. 1800ರ ಏಪ್ರಿಲ್ 23ರಂದು ಮದರಾಸಿನಿಂದ ಹೊರಟವನು ಮೈಸೂರು, ಮಲಬಾರು, ಕನ್ನಡ ಜಿಲ್ಲೆ, ಸೋಂದೆ, ಬನವಾಸಿ, ನಗರ, ಚಿತ್ರದುರ್ಗ ಎಲ್ಲ ಸುತ್ತಿ 1801ರ ಜುಲೈ 6ರಂದು ಮದರಾಸಿಗೆ ಮರಳಿದ. ಆ ದಿನಚರಿ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಅವನಿಗೂ ಕನ್ನಡ ಬಾರದು, ನಡುವೆ ದುಭಾಷಿ. ಹಾಗಿದ್ದೂ ಆ ಪುಸ್ತಕ ಇಂದಿಗೂ ಸಪ್ಪೆಯಾಗದಿರಲು ಕಾರಣ, ಅವನು ಕೇಳುತ್ತಾನೆ. ಅಧಿಕಾರಿಗಳು ಹೀಗೆನ್ನುತ್ತಾರೆ, ಒಕ್ಕಲುಗಳು ಹಾಗೆನ್ನುತ್ತಾರೆ, ಎರಡೂ ಕೂಡುವುದಿಲ್ಲ ಎಂದು ಮತ್ತೆ ಮತ್ತೆ ಬರೆಯುತ್ತಾನೆ. ಅವನ ಪೂರ್ವಗ್ರಹಗಳು ಬೇಕಾದಷ್ಟಿವೆ. ಆದರೆ ಒಂದೇ ಸಂಗತಿಗೆ ಎರಡು ಬಾಯಿಗಳಿವೆ ಎಂಬುದನ್ನು ಅವನು ಮುಚ್ಚಿಡಲಿಲ್ಲ.

ರಾಗಿ ಬಿತ್ತನೆಯನ್ನು ಅವನು ವರ್ಣಿಸುವ ಪುಟಗಳನ್ನು ನೋಡಿ. ನಮ್ಮ ಬಯಲುಸೀಮೆಯ ರೈತ ಕೂರಿಗೆ ಹೂಡುತ್ತಾನೆ. ಬಟ್ಟಲಿಗೆ ಹಾಕಿದ ಬೀಜ ಬಿದಿರ ಕೊಳವೆಗಳಲ್ಲಿ ಇಳಿದು ಸಾಲುಸಾಲಾಗಿ ಬೀಳುತ್ತದೆ. ಕೂರಿಗೆಯ ಹಿಂದೆ ಇನ್ನೊಂದು ಚೂಪು ಬಿದಿರನ್ನು ಹಗ್ಗದಿಂದ ಕಟ್ಟಿರುತ್ತಾರೆ. ಅದರಲ್ಲಿ ಅವರೆಯನ್ನೋ ತೊಗರಿಯನ್ನೋ ಬಿಟ್ಟುಕೊಂಡು ಇನ್ನೊಬ್ಬರು ಹಿಂದೆ ನಡೆಯುತ್ತಾರೆ. ರಾಗಿಯ ಸಾಲುಗಳ ನಡುವೆ ಅಕ್ಕಡಿ ಸಾಲು ಬೀಳುತ್ತದೆ. ಮಳೆ ಕೈಕೊಟ್ಟು ರಾಗಿ ಒಣಗಿದರೂ ಅವರೆ ಕೈಹಿಡಿಯುತ್ತದೆ, ಮಳೆ ಬಂದರೆ ಎರಡೂ ಮನೆ ಸೇರುತ್ತವೆ. ಬುಕಾನನ್ ಇದನ್ನೆಲ್ಲ ನೋಡಿ, ಕೇಳಿ, ಆ ಸಲಕರಣೆಗಳ ಕನ್ನಡ ಹೆಸರುಗಳನ್ನೇ ತನ್ನ ಕಿವಿಗೆ ಬಿದ್ದಂತೆ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು, ಚಿತ್ರವನ್ನೂ ಕೊಟ್ಟ. ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುವವರ ಬಗ್ಗೆ ಬರೆದ, ಮತ್ತೋಡಿನಲ್ಲಿ ಗಾಜಿನ ಬಳೆ ಮಾಡುವವರ ಕುಲುಮೆಯ ಬಗ್ಗೆ ಬರೆದ. ಇಷ್ಟೆಲ್ಲ ಬರೆದವನು ಕೂರಿಗೆ ಹಿಡಿದವನ ಹೆಸರನ್ನು, ತಂತಿ ಎಳೆದವನ ಹೆಸರನ್ನು ಬರೆಯಲಿಲ್ಲ. ವಿದ್ಯೆ ಪುಸ್ತಕಕ್ಕೆ ಬಂತು, ವಿದ್ಯಾವಂತ ಹೊರಗುಳಿದ.

ಇನ್ನು ಹಳ್ಳಿಯ ಲೆಕ್ಕ ಬರೆಯುತ್ತಿದ್ದ ಶ್ಯಾನುಭೋಗರ ಮಾತು. ಗ್ಯಾಸೆಟಿಯರ್ ಬರೆಯಲು ಕುಳಿತವರು ಜಿಲ್ಲೆಯ ಅಧಿಕಾರಿಯನ್ನು ಕೇಳಿದರು, ಅವನು ಅಮಲ್ದಾರನನ್ನು ಕೇಳಿದ, ಅಮಲ್ದಾರ ಶೇಕದಾರನನ್ನು, ಶೇಕದಾರ ಶ್ಯಾನುಭೋಗನನ್ನು. ಕೊನೆಗೆ ಎಲ್ಲ ಅಂಕಿಸಂಖ್ಯೆಯೂ ಹುಟ್ಟಿದ್ದು ಒಂದು ಹಳ್ಳಿಯ ಜಗಲಿಯ ಮೇಲೆ, ಕಡತದಲ್ಲಿ. ಈಗಿನ ಹುಡುಗರು ಹಳೆಯ ಕಡತವನ್ನು ನೋಡಿರಲಾರರು, ಆದ್ದರಿಂದ ಹೇಳುತ್ತೇನೆ. ಉದ್ದನೆಯ ಬಟ್ಟೆಯ ಪಟ್ಟಿಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಕಲಸಿ ಎರಡೂ ಬದಿಗೆ ಬಳಿಯುತ್ತಿದ್ದರು. ಒಣಗಿದ ಮೇಲೆ ಕಪ್ಪಗೆ ಹಲಗೆಯಂತಾಗುತ್ತಿತ್ತು. ಅದನ್ನು ಹಿಂದಕ್ಕೂ ಮುಂದಕ್ಕೂ ಮಡಿಚಿ, ಎರಡು ತುದಿಗೂ ಮರದ ಪಟ್ಟಿ ಹಚ್ಚಿ, ದಾರ ಸುತ್ತಿಡುವುದು. ಬರೆಯುವುದು ಬಳಪದಿಂದ. ಕಪ್ಪು ಬಟ್ಟೆಯ ಮೇಲೆ ಬಿಳಿ ಅಕ್ಷರ. ಬೇಡವಾದಾಗ ಒರೆಸಿ, ಮತ್ತೆ ಮಸಿ ಬಳಿದು ಹೊಸದಾಗಿ ಬರೆಯಬಹುದು. ಮೈಸೂರಿನ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟಿಸಿದ ಇತಿಹಾಸದಲ್ಲಿ ಕಡತವನ್ನು ಆಸ್ಥೆಯಿಂದ ವರ್ಣಿಸಿದ್ದಾನೆ. ಊರಿನ ಭೂಮಿ, ಬೆಳೆ, ಬಾಕಿ, ಜಗಳ ಎಲ್ಲವನ್ನೂ ಒಡಲಲ್ಲಿಟ್ಟುಕೊಂಡಿದ್ದ ಆ ಬಟ್ಟೆಯೇ ನಮ್ಮ ಗ್ಯಾಸೆಟಿಯರುಗಳ ನಿಜವಾದ ಮೊದಲ ಪ್ರತಿ. ಶ್ಯಾನುಭೋಗಿಕೆಯಂಥ ವಂಶಪಾರಂಪರ್ಯವಾದ ಗ್ರಾಮಾಧಿಕಾರಗಳು 1961ರ ಕಾಯ್ದೆಯಿಂದ ರದ್ದಾದವು, ಕಾಯ್ದೆ 1963ರ ಫೆಬ್ರವರಿಯಲ್ಲಿ ಜಾರಿಗೆ ಬಂತು. ರದ್ದಾಗಬೇಕಾದ ವ್ಯವಸ್ಥೆಯೇ ಅದು, ಅದರ ದಬ್ಬಾಳಿಕೆ ಉಂಡವರಿಗೆ ಗೊತ್ತು. ಆದರೆ ಕಡತಗಳು ಅಟ್ಟದಲ್ಲಿ ಗೆದ್ದಲಿಗೆ ಹೋದದ್ದು ಮಾತ್ರ ತುಂಬಲಾಗದ ನಷ್ಟ.

ಈಗ ಬೆಂಜಮಿನ್ ಲೂಯಿಸ್ ರೈಸ್. ಬೆಂಗಳೂರಿನಲ್ಲೇ 1837ರಲ್ಲಿ ಹುಟ್ಟಿ, ಇಲ್ಲಿಯ ವಿದ್ಯಾ ಇಲಾಖೆಯಲ್ಲಿ ದುಡಿದು, ಸಾವಿರಾರು ಶಾಸನಗಳನ್ನು ಹನ್ನೆರಡು ಸಂಪುಟಗಳಲ್ಲಿ ಬೆಳಕಿಗೆ ತಂದು, 1898ರಲ್ಲಿ ಪಂಪಭಾರತವನ್ನು ಮೊದಲ ಸಲ ಅಚ್ಚಿಗೆ ಕೊಟ್ಟ ಮಹನೀಯ. ಅವರ ಮೈಸೂರು ಮತ್ತು ಕೊಡಗಿನ ಗ್ಯಾಸೆಟಿಯರ್ 1876ರಿಂದ 1878ರ ನಡುವೆ ಮೂರು ಸಂಪುಟಗಳಲ್ಲಿ ಬಂತು. ಆ ಇಸವಿಗಳನ್ನು ಸ್ವಲ್ಪ ನಿಧಾನವಾಗಿ ಓದಿ. 1876–77 ಧಾತು ಸಂವತ್ಸರ, 1877–78 ಈಶ್ವರ ಸಂವತ್ಸರ. ನಮ್ಮ ಹಿರಿಯರು ‘ಧಾತು ಈಶ್ವರದ ಬರ’ ಎನ್ನುತ್ತಿದ್ದರಲ್ಲ, ಅದೇ. ನಮ್ಮಜ್ಜಿ ಅದನ್ನು ಕಂಡವಳಲ್ಲ, ತನ್ನ ಅಜ್ಜಿಯಿಂದ ಕೇಳಿದವಳು. ಆದರೂ ತಟ್ಟೆಯಲ್ಲಿ ಅನ್ನ ಬಿಟ್ಟರೆ ಆ ಬರದ ಹೆಸರು ಹೇಳಿಯೇ ಬೈಯುತ್ತಿದ್ದಳು.

ರೈಸರ ಮೊದಲ ಆವೃತ್ತಿಯಲ್ಲಿರುವ ಜನಸಂಖ್ಯೆ 1871ರ ಗಣತಿಯದು. ಆ ಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ 50,55,412. ಪುಸ್ತಕದಲ್ಲಿ ಊರಿನ ಹೆಸರಿನ ಮುಂದೆ ಜನಸಂಖ್ಯೆ ಅಚ್ಚಾಗುತ್ತಿದ್ದ ದಿನಗಳಲ್ಲೇ ಆ ಊರುಗಳ ಜನ ಗಂಜಿಕೇಂದ್ರದ ದಾರಿಯಲ್ಲಿ ಸಾಯುತ್ತಿದ್ದರು. ಮುಂದಿನ ಗಣತಿ 1881ರದು. ಅದರಲ್ಲಿ ಸಂಸ್ಥಾನದ ಜನ 41,86,188. ಹತ್ತು ವರ್ಷದಲ್ಲಿ ಹೆಚ್ಚಬೇಕಾಗಿದ್ದ ಸಂಖ್ಯೆ 8,69,224 ಕಡಿಮೆಯಾಗಿದೆ, ಅಂದರೆ ಆರರಲ್ಲಿ ಒಬ್ಬರಿಗಿಂತ ಹೆಚ್ಚು. ಮಲೆನಾಡು ಅಷ್ಟಿಷ್ಟು ತಡೆದುಕೊಂಡಿತು, ಬಯಲುಸೀಮೆಯ ಪೂರ್ವ ಭಾಗ ನೆಲಕಚ್ಚಿತು. ರೈಸರು ಪರಿಷ್ಕರಿಸಿದ ಎರಡನೆಯ ಆವೃತ್ತಿ 1897ರಲ್ಲಿ ಬಂದಾಗ ಅದರಲ್ಲಿ 1891ರ ಗಣತಿಯ ಅಂಕಿಗಳಿವೆ. ಆಗಲೂ ಸಂಸ್ಥಾನದ ಜನ 49,43,604, ಇಪ್ಪತ್ತು ವರ್ಷದ ಹಿಂದಿನ ಮಟ್ಟಕ್ಕೆ ಇನ್ನೂ ಬಂದಿರಲಿಲ್ಲ.

ಈ ಎರಡು ಆವೃತ್ತಿಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಒಂದೊಂದೇ ತಾಲ್ಲೂಕು ತಾಳೆ ನೋಡಿದವರಿಗೆ ಗೊತ್ತಾಗುತ್ತದೆ, ಪುಸ್ತಕ ಒಂಟಿಯಾಗಿದ್ದರೆ ಹೇಳಲಾರದ್ದನ್ನು ಮಾಲೆಯಾದಾಗ ಹೇಳುತ್ತದೆ. ಮೊದಲ ಆವೃತ್ತಿಗೆ ತನ್ನ ಕಾಲದ ಸಂಕಟದ ಪೂರ್ತಿ ಲೆಕ್ಕ ಸಿಕ್ಕಿರಲು ಸಾಧ್ಯವೇ ಇರಲಿಲ್ಲ. ಎರಡನೆಯದು ಲೆಕ್ಕ ಕೊಟ್ಟಿತು. ಆದರೆ ಬದುಕುಳಿದವರೊಬ್ಬರ ಮಾತೂ ಅಲ್ಲಿಲ್ಲ. ರೈಸರಿಗೆ ಕನ್ನಡ ಚೆನ್ನಾಗಿ ಬರುತ್ತಿತ್ತು. ಎಂಟು ನೂರು ವರ್ಷದ ಹಿಂದಿನ ವೀರಗಲ್ಲನ್ನು ಅಷ್ಟು ಶ್ರದ್ಧೆಯಿಂದ ಓದಿದವರು, ತಮ್ಮ ಕಣ್ಣೆದುರಿನ ಬರವನ್ನು ಕಂಡು ಬದುಕಿದ ಒಬ್ಬ ಹೆಂಗಸನ್ನು ಕೂರಿಸಿಕೊಂಡು ಕೇಳಿದ್ದರೆ! ಆ ಮಹನೀಯರ ಮೇಲಿನ ಗೌರವದಿಂದಲೇ ಈ ನೋವನ್ನು ಹೇಳುತ್ತಿದ್ದೇನೆ.

ಉತ್ತರ ಕರ್ನಾಟಕದ ಜಿಲ್ಲೆಗಳು ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಜೇಮ್ಸ್ ಕ್ಯಾಂಬೆಲ್ ಸಂಪಾದಿಸಿದ ಮುಂಬಯಿ ಗ್ಯಾಸೆಟಿಯರಿನಲ್ಲಿ ಉತ್ತರ ಕನ್ನಡದ ಸಂಪುಟ 1883ರಲ್ಲಿ, ಬೆಳಗಾವಿ, ಧಾರವಾಡ, ವಿಜಾಪುರ ಸಂಪುಟಗಳು 1884ರಲ್ಲಿ ಬಂದವು. ವಿವರದಲ್ಲಿ ಇವಕ್ಕೆ ಸಾಟಿಯಿಲ್ಲ. ಮನೆಯ ಪಾತ್ರೆ ಪಡಗ, ಸೀರೆಯ ಉದ್ದ, ಮದುವೆಯ ಖರ್ಚು, ಸೂತಕದ ದಿನಗಳು ಎಲ್ಲವೂ ಇವೆ. ಅಡಿಟಿಪ್ಪಣಿಯಲ್ಲಿ ಸಾಮಗ್ರಿ ಒದಗಿಸಿದ ದೇಶೀಯ ಅಧಿಕಾರಿಗಳ ಹೆಸರನ್ನೂ ಕಾಣಿಸಿರುವುದು ಮೆಚ್ಚಬೇಕಾದ ಗುಣ. 1791–92ರ ಭೀಕರ ಬರವನ್ನು ಜನ ‘ಡೋಗಿ ಬರ’ ಎಂದು ಕರೆಯುತ್ತಿದ್ದರು, ಹೂಳುವವರಿಲ್ಲದೆ ಬಿದ್ದ ತಲೆಬುರುಡೆಗಳಿಂದ ಆ ಹೆಸರು ಬಂತು ಎಂಬುದನ್ನು ದಾಖಲಿಸಿದವೂ ಈ ಸಂಪುಟಗಳೇ. ಆದರೆ ಇವೇ ಸಂಪುಟಗಳಲ್ಲಿ ಜಾತಿಗೊಂದು ಸ್ವಭಾವ ಹಚ್ಚುವ ಕೆಟ್ಟ ಅಭ್ಯಾಸವಿದೆ. ಈ ಜಾತಿಯವರು ಕಷ್ಟಸಹಿಷ್ಣುಗಳು, ಆ ಜಾತಿಯವರು ಕೊಳಕರು, ಮತ್ತೊಂದು ಜಾತಿಯವರು ಮಿತವ್ಯಯಿಗಳು ಎಂದು ಸಾವಿರಾರು ಜನರಿಗೆ ಒಂದೇ ವಿಶೇಷಣ. ಇದನ್ನು ಹೇಳಿದವರು ಯಾರು? ಆ ಜಾತಿಯವರಂತೂ ಅಲ್ಲ. ಕಚೇರಿಯಲ್ಲಿ ಕುಳಿತ ಮೇಲುಜಾತಿಯ ಗುಮಾಸ್ತ ನೆರೆಯವರ ಬಗ್ಗೆ ತಾನು ನಂಬಿದ್ದನ್ನು ಹೇಳಿದ, ಸಾಹೇಬ ಅದನ್ನು ವಿಜ್ಞಾನವೆಂದು ಅಚ್ಚುಹಾಕಿದ ಎಂದೇ ನಾನು ಓದಿಕೊಳ್ಳುತ್ತೇನೆ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಕಾಲದಲ್ಲಿ ಇಂಥ ವಾಕ್ಯಗಳು ಪುಸ್ತಕದೊಳಗೇ ಉಳಿಯುವಂಥವಲ್ಲ. ಅವು ಮನುಷ್ಯರನ್ನು ಠಾಣೆಯವರೆಗೆ ಹಿಂಬಾಲಿಸುತ್ತವೆ.

ಮದರಾಸು ಪ್ರಾಂತದ ದಕ್ಷಿಣ ಕನ್ನಡ, ಬಳ್ಳಾರಿಗಳ ಪುಸ್ತಕಗಳ ಮಾತನ್ನು ಇಲ್ಲಿ ಬೆಳೆಸುವುದಿಲ್ಲ. ಹೈದರಾಬಾದ್ ಸಂಸ್ಥಾನದ ಕನ್ನಡ ಜಿಲ್ಲೆಗಳ ಬಗ್ಗೆ ಮಾತ್ರ ಒಂದು ಮಾತು: ಮೈಸೂರಿಗೆ ರೈಸ್, ಧಾರವಾಡಕ್ಕೆ ಕ್ಯಾಂಬೆಲ್ ಸಿಕ್ಕಂತೆ ಕಲಬುರಗಿ, ರಾಯಚೂರು, ಬೀದರಿಗೆ ಯಾರೂ ಸಿಗಲಿಲ್ಲ. ಕಲಬುರಗಿಗೆ ಕರ್ನಾಟಕದ ಜಿಲ್ಲಾ ಗ್ಯಾಸೆಟಿಯರ್ ಬಂದದ್ದು 1966ರಲ್ಲಿ. ಹಿಂದುಳಿದ ನಾಡಿನ ಪುಸ್ತಕವೂ ಹಿಂದೆಯೇ ಉಳಿಯಿತು.

1930ನೆಯ ಇಸವಿಗೆ ಬರುತ್ತೇನೆ. ಸಿ. ಹಯವದನರಾಯರ ಮೈಸೂರು ಗ್ಯಾಸೆಟಿಯರಿನ ಕೊನೆಯ ಸಂಪುಟಗಳು ಆ ವರ್ಷ ಬಂದವು. 1927ರಲ್ಲಿ ಶುರುವಾದ ಐದು ಸಂಪುಟಗಳ ಮಹಾಕಾರ್ಯ ಅದು. ಐದನೆಯದು ಪೂರ್ತಿ ಊರುಗಳದು. ಅದೇ 1930ರಲ್ಲಿ ಹಾಸನ ಜಿಲ್ಲೆಯ ಹೇಮಾವತಿ ದಂಡೆಯ ಊರೊಂದರಿಂದ ಇಪ್ಪತ್ತಾರರ ತರುಣನೊಬ್ಬನ ‘ಹಳ್ಳಿಯ ಚಿತ್ರಗಳು’ ಬಂತು. ಆ ತರುಣ, ಗೊರೂರು ರಾಮಸ್ವಾಮಿ ಅಯ್ಯಂಗಾರರು, ಅಲ್ಲಿಗೇ ನಿಲ್ಲಲಿಲ್ಲ. ‘ನಮ್ಮ ಊರಿನ ರಸಿಕರು’, ‘ಗರುಡಗಂಬದ ದಾಸಯ್ಯ’ ಎಂದು ಅದೇ ಹೊಳೆ, ಅದೇ ಬೀದಿಗಳ ಪುಸ್ತಕಗಳನ್ನು ಬರೆದರು. 1933ರಲ್ಲಿ ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ ಬಂತು. ಗ್ಯಾಸೆಟಿಯರಿನಲ್ಲಿ ಇಲ್ಲದ್ದು ಇಲ್ಲಿ ಬಂತು: ಹೆಸರಿಟ್ಟುಕೊಂಡು, ಮಾತಾಡಿಕೊಂಡು, ಜಗಳವಾಡಿಕೊಂಡು ಓಡಾಡುವ ಜನ. ನನ್ನ ಮಟ್ಟಿಗೆ ಹಯವದನರಾಯರೂ ಗೊರೂರರೂ ಒಂದೇ ಕೆಲಸದ ಎರಡು ಅರ್ಧಗಳನ್ನು ಮಾಡಿದರು. ಒಬ್ಬರಲ್ಲಿ ಊರಿದೆ, ಒಬ್ಬರಲ್ಲಿ ಊರಿನವರಿದ್ದಾರೆ. ಎರಡನ್ನೂ ಒಂದೇ ಕಪಾಟಿನಲ್ಲಿ ಇಡುವ ಗ್ರಂಥಪಾಲಕರು ನಮಗೆ ಬೇಕು.

ಗೊರೂರರ ಹಳ್ಳಿಗೂ ಒಂದು ಎಲ್ಲೆಯಿದೆ. ಅದು ಅಗ್ರಹಾರದ ಜಗಲಿಯಿಂದ ಕಂಡ ಹಳ್ಳಿ. ಪ್ರೀತಿ ಅಪಾರ, ನೋಟ ಮಾತ್ರ ಆ ಕಡೆಯದು. ಕೇರಿಯಿಂದ ಊರು ಹೇಗೆ ಕಾಣುತ್ತದೆ ಎಂದು ತಿಳಿಯಲು ಕನ್ನಡ ಓದುಗ ಬಹಳ ಕಾಲ ಕಾಯಬೇಕಾಯಿತು. ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ ಹುಟ್ಟಿ ಬೆಂಗಳೂರಿನ ಶ್ರೀರಾಮಪುರದಲ್ಲಿ ಬೆಳೆದ ಸಿದ್ಧಲಿಂಗಯ್ಯನವರ ‘ಊರುಕೇರಿ’ಯನ್ನು ನಾನು ಆತ್ಮಕಥೆಯೆಂದಷ್ಟೇ ಓದುವುದಿಲ್ಲ. ಇನ್ನೂರು ವರ್ಷಗಳ ಸ್ಥಳವರ್ಣನೆಯ ಪುಸ್ತಕಗಳು ಕೇಳದೆ ಬಿಟ್ಟ ಮನೆಗಳಿಂದ ಬಂದ ಉತ್ತರ ಅದು. ಮಾಗಡಿ ಸೀಮೆಯ ಬಗ್ಗೆ ಬುಕಾನನ್ ಬರೆದ ಪುಟಗಳನ್ನು ಓದಿದವರು ಇದನ್ನೂ ಓದದೆ ಆ ಸೀಮೆ ಗೊತ್ತು ಎನ್ನಬಾರದು.

ಸ್ವಾತಂತ್ರ್ಯ ಬಂದ ಮೇಲೆ ಗ್ಯಾಸೆಟಿಯರುಗಳನ್ನು ಹೊಸದಾಗಿ ಬರೆಯುವ ಕೆಲಸ ರಾಜ್ಯಗಳಿಗೆ ಬಂತು. ನಮ್ಮಲ್ಲಿ 1965ರ ಕೊಡಗು ಸಂಪುಟದಿಂದ ಶುರುವಾಗಿ ಜಿಲ್ಲೆಗಳೆಲ್ಲ ಒಂದೊಂದಾಗಿ ಬಂದವು. ಡಾ. ಸೂರ್ಯನಾಥ ಕಾಮತರಂಥ ವಿದ್ವಾಂಸರು ಪ್ರಧಾನ ಸಂಪಾದಕರಾಗಿ ಶ್ರಮಿಸಿದರು. ಕನ್ನಡದಲ್ಲೂ ಸಂಪುಟಗಳು ಬಂದವು, ಅದು ಸಣ್ಣ ಮಾತಲ್ಲ. ಜಾತಿಗೆ ಸ್ವಭಾವ ಹಚ್ಚುವ ಚಾಳಿ ಹೋಯಿತು. ಆದರೆ ಅಧ್ಯಾಯಗಳ ಚೌಕಟ್ಟು ದೇಶಕ್ಕೆಲ್ಲ ಒಂದೇ, ಒಟ್ಟು ಹತ್ತೊಂಬತ್ತು. ಮೂರನೆಯದು ಜನತೆ, ಹತ್ತೊಂಬತ್ತನೆಯದು ನೋಡತಕ್ಕ ಸ್ಥಳಗಳು. ಜನಕ್ಕೂ ಊರಿಗೂ ನಡುವೆ ನೀರಾವರಿ, ಬ್ಯಾಂಕು, ಸಾರಿಗೆ, ಕಂದಾಯ, ಪೊಲೀಸು, ಶಿಕ್ಷಣ, ವೈದ್ಯಕೀಯ ಎಂದು ಇಲಾಖೆಗಳ ಸಾಲು. ಮಾಹಿತಿ ಬಂದದ್ದೂ ಇಲಾಖೆಗಳಿಂದಲೇ. ಹೀಗಾಗಿ ಇಲಾಖೆಗೆ ಕಾಣದ್ದು ಪುಸ್ತಕಕ್ಕೂ ಕಾಣಲಿಲ್ಲ.

ಒಂದು ಉದಾಹರಣೆ ಸಾಕು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು. ವೈದ್ಯರಿಲ್ಲದ ಆ ಸೀಮೆಯಲ್ಲಿ ಕಾಸು ಕೇಳದೆ ಸಾವಿರಾರು ಹೆರಿಗೆ ಮಾಡಿಸಿದ ತಾಯಿ. ಗ್ಯಾಸೆಟಿಯರಿನ ವೈದ್ಯಕೀಯ ಅಧ್ಯಾಯದಲ್ಲಿ ಆಸ್ಪತ್ರೆಗಳಿವೆ, ಹಾಸಿಗೆಗಳ ಲೆಕ್ಕವಿದೆ. ಒಂದು ತಾಲ್ಲೂಕಿನ ಎಷ್ಟೋ ಜನ ಯಾರ ಕೈಯಲ್ಲಿ ಭೂಮಿಗೆ ಬಂದರೋ ಆ ಕೈಗಳಿಗೆ ಹತ್ತೊಂಬತ್ತು ಅಧ್ಯಾಯಗಳಲ್ಲಿ ಎಲ್ಲಿ ಜಾಗ? ಬುಕಾನನ್ನಿನಿಂದ ಹಿಡಿದು ಇಲ್ಲಿಯವರೆಗೆ ಈ ಮಾಲೆಯ ಪುಸ್ತಕಗಳು ಹೆಂಗಸರನ್ನು ವರ್ಣಿಸಿವೆ, ಅವರ ಉಡಿಗೆ ತೊಡಿಗೆಯನ್ನು ಪಟ್ಟಿಮಾಡಿವೆ. ಅವರನ್ನು ಕೇಳಿದ ಗುರುತು ಹುಡುಕಿದರೂ ಸಿಗುವುದು ಕಷ್ಟ.

ದಾರಿ ಇಲ್ಲದಿಲ್ಲ. ಶಿಗ್ಗಾಂವಿ ಬಳಿಯ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ ಗ್ರಾಮ ಚರಿತ್ರೆ ಕೋಶದ ಕೆಲಸಕ್ಕೆ ಕೈಹಾಕಿ, ಜಿಲ್ಲೆಯ ಬದಲು ಹಳ್ಳಿಯನ್ನೇ ಘಟಕವಾಗಿ ಇಟ್ಟುಕೊಂಡಿತು. ಇದು ಕೈಫಿಯತ್ತಿನ ಕಡೆಗೆ ಮರಳಿದ ಹೆಜ್ಜೆ, ನನಗೆ ತುಂಬ ಭರವಸೆ ಕೊಟ್ಟ ಹೆಜ್ಜೆ. ಇದನ್ನು ಇನ್ನೂ ಕೆಳಕ್ಕೆ, ಇನ್ನೂ ನಿಧಾನವಾಗಿ ಒಯ್ಯಬೇಕಾಗಿದೆ.

ಎದುರಿಗೆ ಕುಳಿತಿರುವ ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಇಷ್ಟು. ಬುಕಾನನ್, ರೈಸ್, ಕ್ಯಾಂಬೆಲ್, ಹಯವದನರಾಯರ ಸಂಪುಟಗಳು ಈಗ ಅಂತರ್ಜಾಲದಲ್ಲಿ ಬಿಡಿಗಾಸಿಲ್ಲದೆ ಸಿಗುತ್ತವೆ. ನಿಮ್ಮ ಊರಿನ, ಅದಿಲ್ಲದಿದ್ದರೆ ನಿಮ್ಮ ಹೋಬಳಿಯ ಬಗ್ಗೆ ಅವುಗಳಲ್ಲಿರುವುದನ್ನು ನಕಲು ಮಾಡಿಕೊಳ್ಳಿ. ಈ ಬೇಸಿಗೆ ರಜೆಯಲ್ಲಿ ಅದನ್ನು ಊರಿಗೆ ಒಯ್ದು ಓದಿ ಹೇಳಿ. ಕೆರೆಯ ತೂಬು ಎತ್ತಿ ನೀರು ಹಂಚುತ್ತಿದ್ದ ನೀರುಗಂಟಿ ಇನ್ನೂ ಇದ್ದರೆ ಅವರ ಹತ್ತಿರ ಮೊದಲು ಹೋಗಿ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು, ಬರದ ವರ್ಷ ಯಾರ ಗದ್ದೆಗೆ ಮೊದಲು ಬಿಡುತ್ತಿದ್ದರು, ಯಾಕೆ, ಎಂದು ಕೇಳಿ. ಆಮೇಲೆ ಸೂಲಗಿತ್ತಿಯರನ್ನು, ಮಗ್ಗ ನಿಲ್ಲಿಸಿದವರನ್ನು, ಊರು ಬಿಟ್ಟು ಬೆಂಗಳೂರು ಸೇರಿ ಹಬ್ಬಕ್ಕೆ ಬಂದವರನ್ನು ಕೇಳಿ. ಊರಿನಲ್ಲಿ ಕೇಳಿದ್ದನ್ನು ಕೇರಿಯಲ್ಲೂ ಕೇಳಿ. ಎರಡು ಮಾತು ಕೂಡದಿದ್ದರೆ ಎರಡನ್ನೂ ಬರೆದುಕೊಳ್ಳಿ, ತೀರ್ಪು ಕೊಡಲು ಹೋಗಬೇಡಿ. ಪ್ರತಿ ಸಂಗತಿಯ ಪಕ್ಕದಲ್ಲಿ ಹೇಳಿದವರ ಹೆಸರು, ವಯಸ್ಸು, ಹೇಳಿದ ತಾರೀಖು ಇರಲಿ. ಅಚ್ಚುಹಾಕುವ ಮುನ್ನ ಅವರಿಗೆ ಓದಿ ತೋರಿಸಿ, ಒಪ್ಪಿಗೆ ಪಡೆಯಿರಿ. ಬೇಡವೆಂದದ್ದನ್ನು ಬಿಟ್ಟುಬಿಡಿ. ಒಪ್ಪಿದವರ ಹೆಸರುಗಳನ್ನು ಕೊನೆಯ ಕೃತಜ್ಞತೆಯ ಪುಟಕ್ಕೆ ತಳ್ಳದೆ, ಮುಖಪುಟದಲ್ಲಿ ನಿಮ್ಮ ಹೆಸರಿಗಿಂತ ಮೇಲೆ ಹಾಕಿ.